ಮೌನವು ಸಮ್ಮತಿಯಲ್ಲ

(ಮಂಗಳಗಿರಿಯಲ್ಲಿ ನೆರೆದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಊರಿನ ನರಸಿಂಹ ದೇವಾಲಯದ ಶಿಲಾಶಾಸನವನ್ನು ನಮ್ಮಲ್ಲಿ ಹಲವರು ನೋಡಿರಬಹುದು. 1515ರಲ್ಲಿ ಕೃಷ್ಣದೇವರಾಯನ ಸೇನೆ ಗಜಪತಿಗಳಿಂದ ಕೊಂಡವೀಡನ್ನು ಗೆದ್ದುದನ್ನು ಅದು ಸಾರುತ್ತದೆ. ಹೊರನಾಡಿನಲ್ಲಿರುವ ನಮಗೆ ಅದನ್ನು ಕಂಡಾಗ ಹೆಮ್ಮೆಯೆನಿಸುವುದು ಸಹಜ. ಆದರೆ ಇಂದು ನನ್ನ ಮಾತು ಆ ವಿಜಯವನ್ನು ಕುರಿತದ್ದಲ್ಲ. ಅದೇ ವರ್ಷಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಬೇರೊಂದು ಬಗೆಯ ವಿಜಯ ನಡೆಯುತ್ತಿತ್ತು. ಅದು ಬಳಸಿದ ಒಂದು ಉಪಾಯವು ನಮ್ಮ ನೆಲದಲ್ಲಿಯೂ ಮರುಕಳಿಸಿದ ಬಗೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

1492ರ ಅಕ್ಟೋಬರ್ 12ರಂದು ಕೊಲಂಬಸ್ ಕೆರಿಬಿಯನ್ ಪ್ರದೇಶದ ದ್ವೀಪವೊಂದರಲ್ಲಿ ಇಳಿದನು. ತಾನು ಹುಡುಕಿ ಹೊರಟ ಇಂಡೀಸ್ ಇದೇ ಎಂದು ನಂಬಿ, ಅಲ್ಲಿಯ ಜನರನ್ನು ‘ಇಂಡಿಯನ್ನರು’ ಎಂದು ಕರೆದನು. ಮರುವರ್ಷವೇ ಪೋಪ್ ಆರನೆಯ ಅಲೆಕ್ಸಾಂಡರ್ ಆ ನಾಡುಗಳನ್ನು ಸ್ಪೇನಿನ ದೊರೆಗಳಿಗೆ ವಹಿಸಿ ಆಜ್ಞಾಪತ್ರ ಹೊರಡಿಸಿದನು. ವಲಸೆ ಬಂದ ಒಬ್ಬೊಬ್ಬ ಸ್ಪೇನಿಗನ ಸುಪರ್ದಿಗೂ ಇಂತಿಷ್ಟು ಜನರನ್ನು ಒಪ್ಪಿಸಿ, ಗಣಿಗಳಲ್ಲಿ, ಹೊಲಗಳಲ್ಲಿ ದುಡಿಸುವ ‘ಎನ್‌ಕೊಮಿಯೆಂಡ’ ಎಂಬ ಪದ್ಧತಿ ಬೇರೂರಿತು. ದುಡಿತ, ಹಸಿವು, ಹಿಂಸೆಗಳ ಜೊತೆಗೆ 1518ರಲ್ಲಿ ಸಿಡುಬು ಸೇರಿತು. ಕೊಲಂಬಸನನ್ನು ಬರಮಾಡಿಕೊಂಡ ತಾಯ್ನೋ ಜನ ಅರ್ಧ ಶತಮಾನದೊಳಗೆ ಬೆರಳೆಣಿಕೆಗೆ ಇಳಿದರು.

ಈ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕತ್ತಿಯಲ್ಲ, ಒಂದು ಕಾಗದ. 1513ರಲ್ಲಿ ಸ್ಪೇನಿನ ನ್ಯಾಯಶಾಸ್ತ್ರಜ್ಞ ಪಲಾಸಿಯೋಸ್ ರೂಬಿಯೋಸ್ ಎಂಬವನು ‘ರೆಕೆರಿಮಿಯೆಂಟೊ’ ಎಂಬ ಘೋಷಣೆಯನ್ನು ಸಿದ್ಧಪಡಿಸಿದನು. ದೇವರು ಜಗತ್ತನ್ನು ಸೃಷ್ಟಿಸಿದನು, ಪೋಪನು ಈ ನಾಡನ್ನು ನಮ್ಮ ದೊರೆಗೆ ಕೊಟ್ಟಿದ್ದಾನೆ, ನೀವು ಒಪ್ಪಿದರೆ ಸರಿ, ಒಪ್ಪದಿದ್ದರೆ ಯುದ್ಧ ಹೂಡಿ ನಿಮ್ಮನ್ನೂ ಮಡದಿಮಕ್ಕಳನ್ನೂ ದಾಸರನ್ನಾಗಿ ಮಾಡುತ್ತೇವೆ, ಆ ಪಾಪ ನಿಮ್ಮದೇ ಹೊರತು ನಮ್ಮದಲ್ಲ ಎಂಬುದು ಅದರ ತಾತ್ಪರ್ಯ. ದಂಡೆತ್ತಿ ಹೋದವರು ಇದನ್ನು ಮೊದಲು ಓದಬೇಕು, ಓದಿದ್ದಕ್ಕೆ ಪತ್ರಲೇಖಕನ ದೃಢೀಕರಣ ಪಡೆಯಬೇಕು. ಕೇಳುವವರಿಗೆ ಆ ಭಾಷೆ ತಿಳಿಯದು. ಕೆಲವೊಮ್ಮೆ ಅದನ್ನು ಜನರು ಬಿಟ್ಟೋಡಿದ ಊರುಗಳ ಮುಂದೆ ಓದಿದ್ದೂ ಉಂಟು. ಆದರೂ ಕಾನೂನಿನ ದೃಷ್ಟಿಯಲ್ಲಿ ತಿಳಿವಳಿಕೆ ಕೊಟ್ಟಂತಾಯಿತು. ಉತ್ತರ ಬಾರದಿದ್ದುದು ಧಿಕ್ಕಾರವಾಯಿತು.

ಇದನ್ನು ಕಂಡು ಸ್ಪೇನಿಗರೆಲ್ಲರೂ ಸುಮ್ಮನಿರಲಿಲ್ಲವೆಂಬುದನ್ನೂ ಹೇಳಬೇಕು. 1511ರಲ್ಲಿಯೇ ಮೊಂಟೆಸಿನೋಸ್ ಎಂಬ ಸನ್ಯಾಸಿ ವಲಸಿಗರ ಮುಖದೆದುರೇ ಅವರ ಕ್ರೌರ್ಯವನ್ನು ಖಂಡಿಸಿದನು. ತಾನೇ ಎನ್‌ಕೊಮಿಯೆಂಡದ ಒಡೆಯನಾಗಿದ್ದ ಲಾಸ್ ಕಾಸಾಸ್ ಅದನ್ನು ತೊರೆದು, ಮೂಲನಿವಾಸಿಗಳ ಪರವಾಗಿ ಜೀವನಪರ್ಯಂತ ವಾದಿಸಿದನು. 1542ರಲ್ಲಿ ಹೊಸ ಕಾನೂನುಗಳೂ ಬಂದವು. ವಲಸಿಗರ ದಂಗೆಗೆ ಅಂಜಿ ಅವುಗಳಲ್ಲಿ ಮುಖ್ಯವಾದುದನ್ನು ದೊರೆ ಹಿಂತೆಗೆದುಕೊಂಡನು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಕೋರ್ಟೆಸನು ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನ್ ನಗರವನ್ನು ಕೆಡವಿದ್ದು 1521ರಲ್ಲಿ. ಇವೆರಡೂ ಕೃಷ್ಣದೇವರಾಯನ ಆಳ್ವಿಕೆಯ ಕಾಲವೇ. ಹಾಗಾದರೆ ಮೆಕ್ಸಿಕೋಗೆ ಒದಗಿದ ಗತಿ ಹಂಪೆಗೆ ಏಕೆ ಒದಗಲಿಲ್ಲ? ನಾವು ಹೆಚ್ಚು ಶೂರರಾಗಿದ್ದೆವೆಂಬುದು ಸುಲಭದ ಉತ್ತರ, ನಿಜವಾದ ಉತ್ತರವಲ್ಲ. ಸಿಡುಬು ನಮಗೆ ಹೊಸ ರೋಗವಾಗಿರಲಿಲ್ಲ. ಮೆಕ್ಸಿಕೋದಲ್ಲಿ ಅದು ಅಜ್ಟೆಕ್ ದೊರೆ ಕ್ವಿಟ್ಲಾವಾಕನನ್ನೇ 1520ರಲ್ಲಿ ಬಲಿ ತೆಗೆದುಕೊಂಡಿತು. ಅಲ್ಲಿಯವರು ಕುದುರೆಯನ್ನು ಕಂಡಿರಲಿಲ್ಲ. ವಿಜಯನಗರವೋ ಪೋರ್ಚುಗೀಸರಿಂದಲೇ ಕುದುರೆಗಳನ್ನು ಕೊಳ್ಳುತ್ತಿತ್ತು. ಇಲ್ಲಿಗೆ ಬಂದ ಐರೋಪ್ಯನು ಬಹುಕಾಲ ವ್ಯಾಪಾರಿಯಾಗಿಯೇ ಇರಬೇಕಾಯಿತು. ಇಲ್ಲಿಗೆ ಹತ್ತಿರದ ಮಚಲೀಪಟ್ಟಣದಲ್ಲಿ ಇಂಗ್ಲಿಷರು 1611ರಲ್ಲಿ ಕೋಠಿ ತೆರೆದಾಗಲೂ ಅವರು ಕೊಳ್ಳಲು ಬಂದವರೇ ಹೊರತು ಆಳಲು ಬಂದವರಾಗಿರಲಿಲ್ಲ.

ಆದುದರಿಂದ ಅಮೆರಿಕದ ಕಥೆ ನಮ್ಮದಲ್ಲವೆಂದು ಬಯಲುಸೀಮೆಯವರಾದ ನಾವು ನೆಮ್ಮದಿಯಾಗಿರಬಹುದು. ಆದರೆ ಇಲ್ಲಿಂದ ಈಶಾನ್ಯಕ್ಕೆ, ಗೋದಾವರಿಯಾಚೆ, ವಿಶಾಖಪಟ್ಟಣದ ಏಜೆನ್ಸಿ ಬೆಟ್ಟಗಳಲ್ಲಿ ನೆಲೆಸಿದ ಕೋಯಾ, ಕೊಂಡದೊರ, ಬಗತ ಮೊದಲಾದ ಜನರಿಗೆ ಆ ನೆಮ್ಮದಿಯಿಲ್ಲ. ಅವರು ಕಾಡಿನ ತುಂಡನ್ನು ಸವರಿ, ಸುಟ್ಟು, ಬಿತ್ತಿ, ಕೆಲವು ವರ್ಷಗಳ ಬಳಿಕ ಅದನ್ನು ಬೀಳು ಬಿಟ್ಟು ಮುಂದೆ ಸಾಗುತ್ತಿದ್ದರು. ತೆಲುಗಿನಲ್ಲಿ ಇದು ‘ಪೋಡು’. ನಮ್ಮ ಮಲೆನಾಡಿನಲ್ಲಿ ‘ಕುಮರಿ’. 1882ರ ಮದ್ರಾಸ್ ಅರಣ್ಯ ಕಾಯ್ದೆ ಬಂದಿತು. ಇಂಥ ಪ್ರದೇಶವನ್ನು ಮೀಸಲು ಅರಣ್ಯ ಮಾಡಲಾಗುವುದೆಂದು ಪ್ರಕಟಣೆ ಹೊರಡುವುದು, ಹಕ್ಕುಳ್ಳವರು ಗಡುವಿನೊಳಗೆ ಹೇಳಿಕೊಳ್ಳುವುದು, ಹೇಳಿಕೊಳ್ಳದವರ ಹಕ್ಕು ಅಳಿದುಹೋಗುವುದು: ಇದು ಅದರ ಕ್ರಮ. ಕಾಗದದ ವ್ಯವಹಾರವನ್ನೇ ಅರಿಯದ ಬೆಟ್ಟದ ರೈತನು ಗಡುವನ್ನು ಹೇಗೆ ಲೆಕ್ಕವಿಡಬೇಕಿತ್ತು?

ಮೂರು ದಶಕಗಳನ್ನು ಸರಕಾರಿ ಕಡತಗಳ ನಡುವೆ ಕಳೆದ ನನಗೆ ಈ ಕ್ರಮದಲ್ಲಿ ಲೋಪ ಕಾಣುವುದಿಲ್ಲ. ಭಯ ಹುಟ್ಟಿಸುವುದು ಅದೇ. ಪ್ರಕಟಣೆ ಇದೆ, ಗಡುವಿದೆ, ಆಕ್ಷೇಪಣೆಗೆ ಅವಕಾಶವಿದೆ. ಆಕ್ಷೇಪಣೆ ಬಂದಿಲ್ಲವೆಂಬ ಟಿಪ್ಪಣಿಯೂ ಇದೆ. ಮೌನಂ ಸಮ್ಮತಿಲಕ್ಷಣಂ ಎಂಬ ನಮ್ಮ ಹಳೆಯ ಮಾತು ಅಲ್ಲಿ ಆಡಳಿತದ ಸೂತ್ರವಾಗುತ್ತದೆ. ಆ ಮೌನ ಒಪ್ಪಿಗೆಯಾಗಿರಲಿಲ್ಲವೆಂಬುದು ತಡವಾಗಿ ತಿಳಿಯಿತು. 1879ರಲ್ಲಿ ಹೆಂಡದ ತೆರಿಗೆ, ಗುತ್ತಿಗೆದಾರರ ಕಾಟಗಳಿಂದ ಸಿಡಿದ ರಂಪಾ ಬಂಡಾಯವು ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಪೋಡಿನ ನಿರ್ಬಂಧ, ರಸ್ತೆ ಕೆಲಸದ ಬಿಟ್ಟಿ ದುಡಿಮೆಗಳಿಂದ ಬೇಸತ್ತ ಅದೇ ಬೆಟ್ಟಗಳ ಜನರನ್ನು ಅಲ್ಲೂರಿ ಸೀತಾರಾಮರಾಜು 1922ರ ಆಗಸ್ಟ್‌ನಲ್ಲಿ ಚಿಂತಪಲ್ಲಿ ಪೊಲೀಸ್ ಠಾಣೆಗೆ ನಡೆಸಿಕೊಂಡು ಹೋದನು. 1924ರ ಮೇ 7ರಂದು ಅವನನ್ನು ಹಿಡಿದು ಕೊಲ್ಲಲಾಯಿತು. 2022ರಲ್ಲಿ ಅವನ ಹೆಸರಿನ ಜಿಲ್ಲೆಯೊಂದು ರಚನೆಯಾಯಿತು. ಹೆಸರು ದೊರೆಯಿತು, ಹಕ್ಕಿನ ಪ್ರಶ್ನೆ ಉಳಿಯಿತು.

ಕಾಗದವೂ ಕೆಲವೊಮ್ಮೆ ನ್ಯಾಯದ ಕಡೆಗೆ ವಾಲಿದ್ದುಂಟು. ಬೊರ್ರಾ ಪ್ರದೇಶದ ಗಣಿ ಗುತ್ತಿಗೆಗಳನ್ನು ಕುರಿತ ‘ಸಮತಾ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ, ಅನುಸೂಚಿತ ಪ್ರದೇಶದ ಭೂಮಿಯನ್ನು ಸರಕಾರವೂ ಗಿರಿಜನೇತರ ಖಾಸಗಿಯವರಿಗೆ ಗುತ್ತಿಗೆ ಕೊಡಲಾಗದೆಂದು ತೀರ್ಪಿತ್ತಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕಿನ ಪರಿಶೀಲನೆ ಗ್ರಾಮಸಭೆಯಿಂದ ಆರಂಭವಾಗುತ್ತದೆ. ಊರಿನ ಹಿರಿಯರ ಬಾಯಿಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ಮನ್ನಣೆಯಾದದ್ದು ಈ ಕಾಯ್ದೆಯಿಂದಲೇ. ಆದರೂ 2019ರ ಫೆಬ್ರುವರಿಯಲ್ಲಿ, ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಬೇಕೆಂಬ ಆದೇಶ ಹೊರಬಿದ್ದು, ಅದೇ ತಿಂಗಳು ತಡೆಹಿಡಿಯಲ್ಪಟ್ಟಿತು. ತಿರಸ್ಕಾರದ ಕಾರಣವನ್ನು ಅರ್ಜಿದಾರನಿಗೆ ತಿಳಿಯುವಂತೆ ಹೇಳಲಾಗಿತ್ತೇ ಎಂಬುದೇ ಆಗ ಎದ್ದ ಪ್ರಶ್ನೆಗಳಲ್ಲೊಂದು. ಐದು ಶತಮಾನಗಳ ಹಿಂದಿನ ಅದೇ ಪ್ರಶ್ನೆ! ಆ ಹಳೆಯ ‘ಶೋಧನೆಯ ಸಿದ್ಧಾಂತ’ವನ್ನು ವ್ಯಾಟಿಕನ್ ಅಧಿಕೃತವಾಗಿ ನಿರಾಕರಿಸಿದ್ದೇ 2023ರಲ್ಲಿ.

ಇನ್ನು ನಮ್ಮ ಪಾಲೇನು? ಅಮೆರಿಕದ ಮೂಲನಿವಾಸಿಗಳು ಸಾವಿರಾರು ವರ್ಷ ಪಳಗಿಸಿದ ಮೆಣಸಿನಕಾಯಿಯಿಂದ ನೆರೆಯ ಗುಂಟೂರಿನ ಮಾರುಕಟ್ಟೆಯೂ ನಮ್ಮ ಬ್ಯಾಡಗಿಯೂ ಬದುಕುತ್ತಿವೆ. ಅವರದೇ ಇನ್ನೊಂದು ಹಣ್ಣನ್ನು ನಾವು ‘ಪರಂಗಿ’ ಎನ್ನುತ್ತೇವೆ. ಹೊತ್ತು ತಂದ ಫರಂಗಿಯ ಹೆಸರು ನಮ್ಮ ನುಡಿಯಲ್ಲಿ ಉಳಿಯಿತು, ಬೆಳೆಸಿದವನ ಹೆಸರು ಉಳಿಯಲಿಲ್ಲ. ಆ ಋಣವಂತೂ ನಮ್ಮ ಮೇಲಿದೆ.

ಹೊರನಾಡಿನ ಕನ್ನಡಿಗರಾಗಿ ನಾವು ಬ್ಯಾಂಕಿನಲ್ಲಿ, ರೈಲ್ವೆಯಲ್ಲಿ, ಪರೀಕ್ಷೆಗಳಲ್ಲಿ ಕನ್ನಡ ಬೇಕೆಂದು ಠರಾವು ಮಾಡುತ್ತ ಬಂದಿದ್ದೇವೆ. ಅರ್ಥವಾಗದ ಭಾಷೆಯ ಆದೇಶ ನಮ್ಮನ್ನು ಕಟ್ಟಕೂಡದೆಂಬುದೇ ಆ ಬೇಡಿಕೆಯ ತಿರುಳು. ಅದು ನ್ಯಾಯವಾದರೆ ಕೋಯಾ ನುಡಿಯವನಿಗೂ, ಸೋಲಿಗ ನುಡಿಯವನಿಗೂ ನ್ಯಾಯವೇ. ಅವರ ವಿಷಯದಲ್ಲಿ ತೆಲುಗು, ಕನ್ನಡಗಳೇ ಅಧಿಕಾರದ ಭಾಷೆಗಳೆಂಬುದನ್ನು ನಾವು ಮರೆಯಬಾರದು. ಈ ಸಭೆಯಲ್ಲಿ ಅಧಿಕಾರಿಗಳು ಅನೇಕರಿದ್ದೀರಿ. ‘ಆಕ್ಷೇಪಣೆ ಬಂದಿಲ್ಲ’ ಎಂಬ ಟಿಪ್ಪಣಿಗೆ ಸಹಿ ಹಾಕುವ ಮುನ್ನ, ಕೇಳಿದ ಮಾತು ಅವರಿಗೆ ತಿಳಿದಿತ್ತೇ ಎಂದು ಒಮ್ಮೆ ವಿಚಾರಿಸಬೇಕೆಂಬುದು ನನ್ನ ವಿನಂತಿ.