ನೆಟ್ ಹೋದಾಗ ಬರೆದಿಡಿ

ಮಕ್ಕಳೇ, ಅರ್ಜಿ ಹಾಕುವ ಕೊನೆಯ ದಿನವೇ ನೆಟ್ ಹೋದರೆ ಒಂದು ವರ್ಷವೇ ಕೈತಪ್ಪಬಹುದು. ಆಗ ಬೈಯುತ್ತಾ ಕೂರದೆ ಅಕ್ಕಪಕ್ಕ ವಿಚಾರಿಸಿ. ನಿಮ್ಮ ಮನೆಯಲ್ಲಷ್ಟೇ ಇಲ್ಲವೆಂದರೆ ತೊಂದರೆ ನಿಮ್ಮ ಫೋನಿನಲ್ಲೋ ರೌಟರಿನಲ್ಲೋ ಇರಬಹುದು. ಜಗಳೂರಿನಲ್ಲಿದ್ದು ಸೊಕ್ಕೆಗೆಲ್ಲ ಇಲ್ಲವಾದರೆ ನಡುವಿನ ಕೇಬಲ್ಲನ್ನೋ ನಮ್ಮೂರ ಟವರನ್ನೋ ನೋಡಬೇಕು. ನೆಟ್ ಇದ್ದೂ ಮೇಲ್ ಮಾತ್ರ ತೆರೆಯದಿದ್ದರೆ ದೋಷ ದೂರದಲ್ಲಿರಬಹುದು. 2020ರ ಡಿಸೆಂಬರ್ 14ರ ಸಂಜೆ ಗೂಗಲ್‌ನ ಲಾಗಿನ್ ವ್ಯವಸ್ಥೆ ಕೆಟ್ಟು, ಜಿಮೇಲ್, ಯೂಟ್ಯೂಬ್ ಜಗತ್ತಿನಾದ್ಯಂತ ಸುಮಾರು ಮುಕ್ಕಾಲು ಗಂಟೆ ನಿಂತವು. ಡೌನ್‌ಡಿಟೆಕ್ಟರ್‌ನಂಥ ಜಾಲತಾಣ ಇಂಥದ್ದನ್ನು ಪತ್ತೆಹಚ್ಚುವುದು ಬಳಕೆದಾರರ ದೂರುಗಳನ್ನು ಎಣಿಸಿಯೇ. ನೀವೂ ದಿನಾಂಕ, ಗಂಟೆ, ಬೀದಿ, ಏನು ನಿಂತಿತು ಎಂಬುದನ್ನು ಬರೆದಿಡಿ. ಹತ್ತು ಮನೆಯವರ ಪಟ್ಟಿ ಸೇರಿಸಿ ದೂರು ಕೊಡಿ. ದೂರಿನ ಸಂಖ್ಯೆ ಪಡೆಯಲು ಮರೆಯಬೇಡಿ.