ಹೊಟ್ಟೆಯೊಳಗೊಂದು ದಿಕ್ಸೂಚಿ

ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನ ಜೌಗುನೆಲದಿಂದ ತಂದ ಕೆಸರನ್ನು ರಿಚರ್ಡ್ ಬ್ಲೇಕ್‌ಮೋರ್ ಎಂಬ ವಿದ್ಯಾರ್ಥಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಕೆಲವು ಬ್ಯಾಕ್ಟೀರಿಯಾಗಳು ನೀರಹನಿಯ ಒಂದೇ ಅಂಚಿಗೆ ಹೋಗಿ ಗುಂಪುಗೂಡುತ್ತಿದ್ದವು. ಬೆಳಕು ಹುಡುಕಿಕೊಂಡು ಹೊರಟಿರಬೇಕು ಎಂದುಕೊಂಡು ಸೂಕ್ಷ್ಮದರ್ಶಕಕ್ಕೆ ಮುಸುಕು ಹಾಕಿದರು, ಅದನ್ನು ಆಚೀಚೆ ತಿರುಗಿಸಿ ಇಟ್ಟರು. ಊಹೂಂ, ಅವು ಹೊರಟಿದ್ದು ಅದೇ ದಿಕ್ಕಿಗೆ. ಕೊನೆಗೆ ಹತ್ತಿರ ಒಂದು ಅಯಸ್ಕಾಂತ ಹಿಡಿದರು. ಅಷ್ಟೂ ಬ್ಯಾಕ್ಟೀರಿಯಾ ಥಟ್ಟನೆ ತಿರುಗಿಕೊಂಡವು!

ಈ ಸಂಗತಿ 1975ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಟಲಿಯ ಸಾಲ್ವಟೋರೆ ಬೆಲ್ಲಿನಿ 1963ರಲ್ಲೇ ಇದನ್ನು ಕಂಡು ಬರೆದಿಟ್ಟಿದ್ದರು. ಪಾಪ, ಆ ಬರಹ ಬಹುಕಾಲ ಹೆಚ್ಚಿನವರ ಕಣ್ಣಿಗೆ ಬೀಳಲೇ ಇಲ್ಲ.

ಈ ಬ್ಯಾಕ್ಟೀರಿಯಾದ ಒಳಗೆ ಏನಿದೆ? ಕರಿಮಣಿ ಪೋಣಿಸಿದ ಹಾಗೆ ಸಾಲಾಗಿ ನಿಂತ ಪುಟಾಣಿ ಹರಳುಗಳಿವೆ. ಅವು ಮ್ಯಾಗ್ನೆಟೈಟ್ ಎಂಬ ಕಪ್ಪು ಖನಿಜದವು. ನಮ್ಮ ಕುದುರೆಮುಖದಲ್ಲಿ ಹಿಂದೆ ಅಗೆಯುತ್ತಿದ್ದ ಅದಿರಿನಲ್ಲೂ ಇದ್ದದ್ದು ಇದೇ ಮ್ಯಾಗ್ನೆಟೈಟ್. ಅಲ್ಲಿ ಬೆಟ್ಟದಷ್ಟು, ಇಲ್ಲಿ ಮಾತ್ರ ಒಂದೊಂದು ಹರಳೂ ಸುಮಾರು 35ರಿಂದ 120 ನ್ಯಾನೋಮೀಟರ್. ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ಎಷ್ಟಿದೆ ನೋಡಿ. ಅದನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್.

ಹರಳಿನ ಈ ಗಾತ್ರವೇ ನನಗೆ ಎಲ್ಲಕ್ಕಿಂತ ದೊಡ್ಡ ಸೋಜಿಗ. ಹರಳು ತೀರಾ ಚಿಕ್ಕದಾದರೆ ಸುತ್ತಲಿನ ಶಾಖಕ್ಕೇ ಅದರ ಕಾಂತದ ದಿಕ್ಕು ಅಲುಗಾಡಿ ನಿಲ್ಲದೆ ಹೋಗುತ್ತದೆ. ದೊಡ್ಡದಾದರೆ ಒಳಗೆ ಬೇರೆ ಬೇರೆ ವಲಯಗಳಾಗಿ ಒಡೆದು, ಒಂದರ ಬಲವನ್ನು ಇನ್ನೊಂದು ಕಳೆಯುತ್ತದೆ. ನಡುವಿನ ಈ ಅಳತೆಯಲ್ಲಿ ಮಾತ್ರ ಇಡೀ ಹರಳು ಒಂದೇ ಗಟ್ಟಿ ಕಾಂತವಾಗಿರುತ್ತದೆ. ಬ್ಯಾಕ್ಟೀರಿಯಾ ಆ ಅಳತೆಯನ್ನು ತಪ್ಪುವುದಿಲ್ಲ. ಅದಕ್ಕೆ ಕಾರಣ, ಪ್ರತಿ ಹರಳೂ ಬೆಳೆಯುವುದು ತೆಳು ಪೊರೆಯ ಚೀಲದೊಳಗೆ. ನೀರಿನಿಂದ ಹೀರಿದ ಕಬ್ಬಿಣ ಆ ಚೀಲಕ್ಕೆ ಬರುತ್ತದೆ. ಎಷ್ಟು ಬೆಳೆಯಬೇಕು, ಯಾವ ಆಕಾರ ಬರಬೇಕು ಎಂಬುದನ್ನು ಪೊರೆಯಲ್ಲಿರುವ ಪ್ರೋಟೀನುಗಳು ನೋಡಿಕೊಳ್ಳುತ್ತವೆ.

ಇನ್ನೊಂದು ತೊಡಕಿದೆ. ಕಾಂತಗಳು ಒಂದನ್ನೊಂದು ಸೆಳೆಯುತ್ತವಲ್ಲ, ಹಾಗಾದರೆ ಹರಳುಗಳು ಉಂಡೆಗಟ್ಟಬೇಕಿತ್ತು. ಹಾಗಾಗದಂತೆ ಬ್ಯಾಕ್ಟೀರಿಯಾದ ಉದ್ದಕ್ಕೂ ಪ್ರೋಟೀನಿನ ಎಳೆಯೊಂದು ಚಾಚಿಕೊಂಡಿದೆ. ‘ಮ್ಯಾಮ್‌ಜೆ’ ಎಂಬ ಪ್ರೋಟೀನು ಚೀಲಗಳನ್ನು ಆ ಎಳೆಗೆ ಕಟ್ಟಿಹಾಕುತ್ತದೆ. ವಿಜ್ಞಾನಿಗಳು ಆ ಪ್ರೋಟೀನನ್ನು ತೆಗೆದು ನೋಡಿದರು. ಹರಳುಗಳು ನಿಜಕ್ಕೂ ಉಂಡೆಯಾದವು.

ಹೀಗೆ ಸಾಲಾಗಿ ನಿಂತ ಹರಳುಗಳು ದಿಕ್ಸೂಚಿಯ ಮುಳ್ಳಿನಂತೆ ಬ್ಯಾಕ್ಟೀರಿಯಾದ ಮುಖವನ್ನು ಉತ್ತರಕ್ಕೆ ತಿರುಗಿಸುತ್ತವೆ. ಅಷ್ಟು ಸಣ್ಣ ಜೀವಿಗೆ ಉತ್ತರ ದಿಕ್ಕಿನಲ್ಲಿ ಏನು ಕೆಲಸ ಎನ್ನುತ್ತೀರಾ? ಅದಕ್ಕೆ ಬೇಕಾದ್ದು ಉತ್ತರವಲ್ಲ, ಕೆಳಗು. ಈ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಹೆಚ್ಚಾದರೆ ಆಗದು, ಅದು ಕಡಿಮೆ ಇರುವ ಕೆಸರಿನ ಹತ್ತಿರವೇ ಅವಕ್ಕೆ ಹಿತ. ಭೂಮಿಯ ಉತ್ತರಾರ್ಧದಲ್ಲಿ ಕಾಂತರೇಖೆಗಳು ಉತ್ತರಕ್ಕೆ ಹೋಗುತ್ತಾ ನೆಲದೊಳಕ್ಕೆ ಇಳಿಯುತ್ತವೆ. ಆ ರೇಖೆಯ ಜಾಡು ಹಿಡಿದು ಈಜಿದರೆ ಕೆಸರು ಸಿಕ್ಕೀತು. ದಕ್ಷಿಣಾರ್ಧದಲ್ಲಿ ರೇಖೆಗಳ ಇಳಿಜಾರು ತಿರುಗುಮುರುಗು, ಅಲ್ಲಿನ ನ್ಯೂಜಿಲೆಂಡಿನಲ್ಲಿ ಹುಡುಕಿದಾಗ ಸಿಕ್ಕವು ದಕ್ಷಿಣಕ್ಕೆ ಈಜುವ ಬ್ಯಾಕ್ಟೀರಿಯಾಗಳೇ! ಒಂದು ಮಾತು ನೆನಪಿಡಿ: ಭೂಮಿಯ ಕಾಂತಬಲ ಇವನ್ನು ಎಳೆಯುವುದಿಲ್ಲ, ಮುಖ ತಿರುಗಿಸುತ್ತದೆ ಅಷ್ಟೆ. ಸತ್ತ ಬ್ಯಾಕ್ಟೀರಿಯಾ ಕೂಡ ಉತ್ತರಕ್ಕೆ ಮುಖ ಮಾಡುತ್ತದೆ, ಆದರೆ ಈಜುವುದಿಲ್ಲ.

ಒಂದೇ ಅಳತೆಯ, ಅದೂ ಪೊರೆ ಹೊದ್ದ ಕಾಂತಗಳನ್ನು ಪ್ರಯೋಗಾಲಯದಲ್ಲಿ ಮಾಡುವುದು ಸುಲಭವಲ್ಲ. ಹಾಗಾಗಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಡೆದು, ಹರಳುಗಳನ್ನು ತೆಗೆದುಕೊಳ್ಳುತ್ತಾರೆ. ಜಪಾನಿನ ತದಾಶಿ ಮತ್ಸುನಾಗಾ 1980ರ ದಶಕದಲ್ಲೇ ಇವುಗಳ ಮೇಲೆ ಕಿಣ್ವಗಳನ್ನು ಅಂಟಿಸಿ ತೋರಿಸಿದರು. ಕೆಲಸ ಮುಗಿದ ಮೇಲೆ ಕಾಂತ ಹಿಡಿದರಾಯಿತು, ಹರಳುಗಳು ಕಿಣ್ವದ ಸಮೇತ ಒಂದೆಡೆ ಸೇರುತ್ತವೆ.

ಇಡೀ ಬ್ಯಾಕ್ಟೀರಿಯಾವನ್ನೇ ದುಡಿಸಿಕೊಂಡವರೂ ಇದ್ದಾರೆ. ಕೆನಡಾದ ಮಾಂಟ್ರಿಯಲ್‌ನ ಸಿಲ್ವೆನ್ ಮಾರ್ಟೆಲ್ ಅವರ ತಂಡ ಒಂದೊಂದು ಬ್ಯಾಕ್ಟೀರಿಯಾದ ಮೈಗೂ ಔಷಧ ತುಂಬಿದ ಸುಮಾರು 70 ಪೊಟ್ಟಣಗಳನ್ನು ಅಂಟಿಸಿ, ಕ್ಯಾನ್ಸರ್ ಗಡ್ಡೆಯಿದ್ದ ಇಲಿಗಳಿಗೆ ಚುಚ್ಚಿತು. ಕಾಂತದ ನೆರವಿನಿಂದ ಅವನ್ನು ಗಡ್ಡೆಯೊಳಕ್ಕೆ ನಡೆಸಿದರು. ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾಕ್ಕೆ ಬೇಕಾದ್ದೂ ಅಂಥ ಜಾಗವೇ! 2016ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಶೇಕಡಾ 55ರವರೆಗೂ ಬ್ಯಾಕ್ಟೀರಿಯಾಗಳು ಅಲ್ಲಿಗೆ ತಲುಪಿದ್ದವು. ಆದರೆ ಇಲಿಗೆ ಆದದ್ದು ಮನುಷ್ಯರಿಗೂ ಆಗಿಯೇ ಬಿಡುತ್ತದೆ ಎಂದು ಹೇಳಲು ಬರುವುದಿಲ್ಲ.

ನಿಮ್ಮ ಶಾಲೆಯಲ್ಲಿ ಒಳ್ಳೆಯ ಸೂಕ್ಷ್ಮದರ್ಶಕ ಇದ್ದರೆ ನೀವೂ ಹುಡುಕಬಹುದು. ಟೀಚರ್ ಜೊತೆ ಹೋಗಿ ಕೆರೆಯಂಚಿನ ಕೆಸರನ್ನು ನೀರಿನ ಸಮೇತ ಗಾಜಿನ ಜಾಡಿಗೆ ತುಂಬಿಸಿ, ಮುಚ್ಚಳ ಸಡಿಲವಾಗಿಟ್ಟು, ಕೆಲವು ವಾರ ಮಬ್ಬು ಬೆಳಕಿನಲ್ಲಿ ಬಿಡಿ. ಆಮೇಲೆ ದಂಡಕಾಂತದ ದಕ್ಷಿಣ ಧ್ರುವವನ್ನು ಕೆಸರಿಗಿಂತ ತುಸು ಮೇಲೆ ಗಾಜಿಗೆ ಒತ್ತಿ ಇಡಿ. ಒಂದೆರಡು ಗಂಟೆ ಬಿಟ್ಟು ಅಲ್ಲಿಂದ ಒಂದು ಹನಿ ತೆಗೆದು ನೋಡಿ. ಎಲ್ಲ ಕೆರೆಯಲ್ಲೂ ಸಿಗಲಾರವು, ಸಿಗದಿದ್ದರೆ ಬೇರೆ ಕೆರೆಯ ಕೆಸರು ತನ್ನಿ. ಕೆಸರು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ.