ಆಟದ ದೋಣಿಯ ಪ್ರೊಪೆಲರು: ಹದ ಮಾಡಿಸುವ ಬಗೆ
(ಲಕ್ಷ್ಮೀ ನಗರದ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ಆಟದ ದೋಣಿ ಭಾಷಣಕ್ಕೆ ತಕ್ಕ ವಿಷಯವೇ ಎಂದು ತಮ್ಮಲ್ಲಿ ಕೆಲವರು ಹುಬ್ಬೇರಿಸಿರುವುದನ್ನು ಕಂಡಿದ್ದೇನೆ. ನಮ್ಮ ಒಂದು ಕೋಣೆಯ ಮನೆಗಳಲ್ಲಿ ಮನುಷ್ಯರು ಕಾಲು ಚಾಚುವುದಕ್ಕೇ ಸ್ಥಳವಿಲ್ಲ; ದೋಣಿಯನ್ನು ಎಲ್ಲಿಡುವುದು? ಮಾತು ನಿಜ. ಆದರೆ ನಮ್ಮ ಹುಡುಗರು ಎನ್.ಸಿ.ಸಿ.ಯ ನೌಕಾ ವಿಭಾಗಕ್ಕೆ ಸೇರಿದರೆ ಅಲ್ಲಿ ಹಡಗಿನ ಮಾದರಿ ಕಟ್ಟುವುದು ಒಂದು ಸ್ಪರ್ಧೆಯೇ ಆಗಿದೆ. ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಈ ಸ್ಪರ್ಧೆ ನಡೆಯುತ್ತದೆ. ಆ ಶಿಬಿರ ಕೆಲವು ವರ್ಷ ನಮ್ಮ ಕಾರವಾರದಲ್ಲೇ ನಡೆದಿದೆ. ಒಡಲನ್ನು ಮರದಿಂದ ಕೆತ್ತಬಹುದು, ಮೋಟಾರು ಕೆಂಪುಕೋಟೆಯ ಎದುರಿನ ಲಾಜಪತ ರಾಯ್ ಮಾರುಕಟ್ಟೆಯಲ್ಲಿ ಹುಡುಕಿದರೆ ದೊರಕೀತು. ತೊಡಕು ಬರುವುದು ಹಿಂಬದಿಯ ಆ ಸಣ್ಣ ಲೋಹದ ಹೂವಿನಲ್ಲಿ.

ಹಡಗಿನ ಪ್ರೊಪೆಲರಿಗೂ ಆಟದ ದೋಣಿಗೂ ಹಳೆಯ ನಂಟು. ಇಂಗ್ಲೆಂಡಿನ ಹೆಂಡನ್ ಎಂಬಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ಒಬ್ಬ ರೈತನಿದ್ದ. ೧೮೩೫ರ ಸುಮಾರಿಗೆ ಅವನು ಸ್ಪ್ರಿಂಗಿನಿಂದ ತಿರುಗುವ ಮರದ ತಿರುಪನ್ನು ಒಂದು ಪುಟ್ಟ ದೋಣಿಗೆ ಕಟ್ಟಿ ಕೊಳದಲ್ಲಿ ಬಿಟ್ಟು ನೋಡಿದ. ೧೮೩೬ರಲ್ಲಿ ಪೇಟೆಂಟು ಪಡೆದ. ಮರುವರ್ಷ ದೊಡ್ಡ ದೋಣಿಯನ್ನು ಕಾಲುವೆಯಲ್ಲಿ ಓಡಿಸುವಾಗ ಆ ಮರದ ತಿರುಪಿನ ಅರ್ಧ ಭಾಗ ಮುರಿದುಹೋಯಿತು. ದೋಣಿ ನಿಲ್ಲಲಿಲ್ಲ, ಮೊದಲಿಗಿಂತ ವೇಗವಾಗಿ ಓಡಿತು! ಲೋಹವನ್ನು ಕಳೆದರೆ ಗುಣ ಹೆಚ್ಚೀತು ಎಂಬ ಮಾತು ಅಂದಿನಿಂದ ಇಂದಿನವರೆಗೆ ಈ ಕಸುಬಿನ ತಿರುಳು. ಎಲ್ಲಿ, ಎಷ್ಟು ಕಳೆಯಬೇಕೆಂಬುದೇ ಪ್ರಶ್ನೆ.

ಅಂಗಡಿಯಿಂದ ಬರುವ ಅಗ್ಗದ ಪ್ರೊಪೆಲರು ಬಹುಮಟ್ಟಿಗೆ ಹಸಿ ಎರಕ. ಅಲಗುಗಳು ದಪ್ಪ, ಅಂಚು ಮೊಂಡು, ಅಚ್ಚಿನ ಗೀರು ಹಾಗೆಯೇ ಇರುತ್ತದೆ. ಒಂದು ಅಲಗು ಇನ್ನೊಂದಕ್ಕಿಂತ ಭಾರ. ನಿಧಾನವಾಗಿ ಸಾಗುವ ದೋಣಿಗೆ ಇದರಿಂದ ದೊಡ್ಡ ಹಾನಿಯಿಲ್ಲ. ವೇಗದ ದೋಣಿಯ ಕಥೆ ಬೇರೆ. ನಿಮಿಷಕ್ಕೆ ೨೦,೦೦೦ ಸುತ್ತು ತಿರುಗುವಾಗ, ನಡುವಿನಿಂದ ೧೫ ಮಿಲಿಮೀಟರು ದೂರದಲ್ಲಿ ಗ್ರಾಮಿನ ಹತ್ತನೆಯ ಒಂದು ಭಾಗ ಹೆಚ್ಚಿದ್ದರೂ ಅದು ಸುಮಾರು ೬೭೦ ಗ್ರಾಮು ತೂಕ ಜಗ್ಗಿದಂತೆ ದಂಡವನ್ನು ಸುತ್ತಲೂ ಎಳೆಯುತ್ತದೆ. ದಂಡ ನಡುಗುತ್ತದೆ, ಬೇರಿಂಗು ಸವೆಯುತ್ತದೆ, ಕೊಳವೆಯೊಳಗೆ ನೀರು ನುಗ್ಗುತ್ತದೆ.

ಆದ್ದರಿಂದ ಹದ ಮಾಡಿಸಬೇಕು. ಅದಕ್ಕೆ ಕುಶಲ ಕೈ ದೆಹಲಿಯಲ್ಲಿ ಇಲ್ಲವೆಂದಲ್ಲ. ಚಾವಡಿ ಬಜಾರಿನಲ್ಲಿ ಹಿತ್ತಾಳೆಯ ವ್ಯಾಪಾರ ಹಳೆಯದು; ಮುರಾದಾಬಾದಂತೂ ಹಿತ್ತಾಳೆಯಿಂದಲೇ ಹೆಸರಾದ ಊರು; ಝಿಲ್ಮಿಲ್, ಪಟಪಡಗಂಜ್ ಕಡೆ ಕಾರ್ಖಾನೆಗಳುಂಟು. ನಮ್ಮ ನಾಗಮಂಗಲದ ಕಂಚುಗಾರರ ಕೈ ನೋಡಿದವರಿಗೆ ಉಜ್ಜುವ ಕೆಲಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೀಪದ ಕಂಬಕ್ಕೆ ಹೊಳಪು ಕೊಡುವವನ ಮುಂದೆ ಪ್ರೊಪೆಲರನ್ನು ಇಟ್ಟು 'ಚೆನ್ನಾಗಿ ಮಾಡಿಕೊಡಪ್ಪಾ' ಎಂದರೆ ಅವನು ಚೆನ್ನಾಗಿ ಹೊಳಪನ್ನೇ ಕೊಡುತ್ತಾನೆ. ಎರಡು ಮೈಯನ್ನೂ ಒಂದೇ ಸಮನೆ ಉಜ್ಜಿ ಅಲಗಿನ ಓರೆಯನ್ನೇ ಕೆಡಿಸುತ್ತಾನೆ. ತಪ್ಪು ಅವನದಲ್ಲ, ಹೇಳಿದವನದು.

ಹೇಳಬೇಕಾದುದು ಇಷ್ಟು. ನೀರನ್ನು ಹಿಂದಕ್ಕೆ ನೂಕುವ ಮೈ, ಎಂದರೆ ದೋಣಿಗೆ ಬೆನ್ನುಮಾಡಿ ಹಿಂದಕ್ಕೆ ನೋಡುವ ಮೈಯನ್ನು ಮುಟ್ಟಕೂಡದು. ಗೀರು ಹೋಗುವಷ್ಟು ನಯ ಮಾಡಿದರೆ ಸಾಕು. ಕಳೆಯುವುದೆಲ್ಲ ದೋಣಿಯ ಕಡೆಯ ಮೈಯಿಂದ. ನೀರನ್ನು ಸೀಳುವ ಅಂಚನ್ನು ಚೂಪುಗೊಳಿಸಬೇಕು. ಆಮೇಲೆ ತೂಕ: ಎರಡು ಕ್ಷೌರದ ಬ್ಲೇಡುಗಳನ್ನು ಸಮಮಟ್ಟದಲ್ಲಿ ಎದುರೆದುರು ನಿಲ್ಲಿಸಿ, ನೇರವಾದ ಉಕ್ಕಿನ ಕಡ್ಡಿಗೆ ಪ್ರೊಪೆಲರನ್ನು ಪೋಣಿಸಿ ಅವುಗಳ ಮೇಲಿಡಿ. ಭಾರದ ಅಲಗು ತಾನೇ ಕೆಳಗಿಳಿಯುತ್ತದೆ. ಅದನ್ನು ಇಷ್ಟಿಷ್ಟೇ ಉಜ್ಜುತ್ತ ಬಂದು, ಹೇಗೆ ತಿರುಗಿಸಿ ಬಿಟ್ಟರೂ ಹಾಗೆಯೇ ನಿಂತರೆ ಕೆಲಸ ಮುಗಿಯಿತು. ತಕ್ಕಡಿ ಹಿಡಿದವರಿಗೆ ಇದು ಹೊಸತಲ್ಲ.

ಅಳತೆಯ ಮಾತೂ ಬರಬೇಕು. ಪಿಚ್ಚು ಎಂದರೆ ಒಂದು ಸುತ್ತಿಗೆ ತಿರುಪು ಮುಂದೆ ಸಾಗಬೇಕಾದ ದೂರ. ಅಮೆರಿಕದ ಆಕ್ಟೂರ ಹೆಸರಿನ ಪ್ರೊಪೆಲರುಗಳಲ್ಲಿ 'ಎಕ್ಸ್ ೪೪೨' ಎಂದಿದ್ದರೆ ವ್ಯಾಸ ೪೨ ಮಿಲಿಮೀಟರು, ಪಿಚ್ಚು ಅದರ ೧.೪ ಪಟ್ಟು, ಎಂದರೆ ೫೮.೮ ಮಿಲಿಮೀಟರು. ನಿಮಿಷಕ್ಕೆ ೨೦,೦೦೦ ಸುತ್ತಾದರೆ ಕಾಗದದ ಮೇಲೆ ಗಂಟೆಗೆ ೭೦ ಕಿಲೋಮೀಟರು. ನೀರು ಜಾರುವುದರಿಂದ ದೋಣಿಯಲ್ಲಿ ಅಷ್ಟಿಲ್ಲ. ದಂಡದ ತೂತಿನಲ್ಲಿಯೂ ಎಚ್ಚರ ಬೇಕು: ಒಂದು ಅಂಗುಲದ ಹದಿನಾರರಲ್ಲಿ ಮೂರು ಭಾಗವೆಂದರೆ ೪.೭೬ ಮಿಲಿಮೀಟರು, ೫ ಅಲ್ಲ. 'ಹತ್ತಿರ ಹತ್ತಿರ ಸರಿ' ಎಂದು ಕೂಡಿಸಿದರೆ ಎಷ್ಟು ತೂಗಿ ತಂದರೂ ಅದು ಓಲಾಡುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ವಿಷಯ. ವೇಗದ ದೋಣಿಯ ಈ ಪ್ರೊಪೆಲರುಗಳಲ್ಲಿ ಅನೇಕವು ಹಿತ್ತಾಳೆಯವಲ್ಲ. ಬೆರಿಲಿಯಂ ಬೆರೆತ ತಾಮ್ರದವು. ಅಲಗನ್ನು ತೆಳುವಾಗಿಸಿದರೂ ಬಾಗುವುದಿಲ್ಲವೆಂದು ಆ ಲೋಹವನ್ನು ಆರಿಸುತ್ತಾರೆ. ಬೆರಿಲಿಯಂ ಇರುವುದು ನೂರಕ್ಕೆ ಎರಡರಷ್ಟು ಅಥವಾ ಇನ್ನೂ ಕಡಮೆ. ಕೈಯಲ್ಲಿ ಹಿಡಿದರೆ, ನೀರಿನಲ್ಲಿ ತಿರುಗಿಸಿದರೆ ಏನೂ ಆಗದು. ಅರ ಹಾಕಿದಾಗ ಏಳುವ ನವಿರಾದ ಧೂಳು ಶ್ವಾಸಕೋಶಕ್ಕೆ ಹೋದರೆ ಮಾತ್ರ ಅಪಾಯ. ರೋಗ ಕೆಲವರಲ್ಲಿ ಎಷ್ಟೋ ವರ್ಷಗಳ ಮೇಲೆ ತಲೆ ಹಾಕುತ್ತದೆ, ಪೂರ್ಣವಾಗಿ ವಾಸಿಯಾಗುವುದಿಲ್ಲ. ೧೯೪೬ರಲ್ಲಿ ಅಮೆರಿಕದ ವೈದ್ಯೆ ಹ್ಯಾರಿಯೆಟ್ ಹಾರ್ಡಿ ಮತ್ತು ಅವರ ಸಹೋದ್ಯೋಗಿ, ಟ್ಯೂಬ್‌ಲೈಟ್ ಕಾರ್ಖಾನೆಯ ಕೆಲಸಗಾರರಲ್ಲಿ ಈ ರೋಗವನ್ನು ಗುರುತಿಸಿ ಪ್ರಕಟಿಸಿದರು. ೧೯೪೯ರಲ್ಲಿ ಅಲ್ಲಿಯ ದೀಪದ ಉದ್ಯಮ ಅದನ್ನು ಕೈಬಿಟ್ಟಿತು. ಅಮೆರಿಕದ ಸರ್ಕಾರ ೨೦೧೭ರ ನಿಯಮದಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ ೦.೨ ಮೈಕ್ರೋಗ್ರಾಮಿಗೆ ಮಿತಿಯನ್ನು ಇಳಿಸಿತು. ಕಣ್ಣಿಗೆ ಕಾಣುವಷ್ಟು ಧೂಳು ಎದ್ದ ಕೋಣೆಯಲ್ಲಿ ಈ ಮಿತಿಯ ಮಾತೆಲ್ಲಿ?

ನಮ್ಮ ಮನೆಗಳನ್ನು ನೆನೆಯಿರಿ. ಅದೇ ಕೋಣೆಯಲ್ಲಿ ಒಲೆ, ಅದರಲ್ಲೇ ಮಗುವಿನ ಹಾಸಿಗೆ, ಕಿಟಕಿ ಇದ್ದರೆ ಪಕ್ಕದ ಗೋಡೆಗೆ ತೆರೆಯುತ್ತದೆ. ಅಲ್ಲಿ ಕುಳಿತು ಇದನ್ನು ಉಜ್ಜಬಾರದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಸಾಲದು. ಇನ್ನು ನೆಲಮಾಳಿಗೆಯ ಪಾಲಿಶ್ ಅಂಗಡಿಗೆ 'ಹಿತ್ತಾಳೆ' ಎಂದು ಸುಳ್ಳು ಹೇಳಿ ಕೊಡುವುದು ಇನ್ನೂ ಕೆಟ್ಟದ್ದು. ಅಲ್ಲಿ ದಿನವಿಡೀ ಚಕ್ರದ ಮುಂದೆ ಕೂರುವವನು ನಮ್ಮಂತೆಯೇ ಊರು ಬಿಟ್ಟು ಬಂದವನು. ಬಣ್ಣ ನೋಡಿ ಲೋಹವನ್ನು ಹೇಳಲು ಬಾರದು. ಮಾರುವವನಿಂದ ಲೋಹದ ಹೆಸರನ್ನು ಬರೆಸಿಕೊಳ್ಳಿ. ಬೆರಿಲಿಯಂ ಇದ್ದರೆ ಹದ ಮಾಡಿ ತೂಗಿದ್ದನ್ನೇ ಕೊಳ್ಳಿ. ಧೂಳು ಹೀರುವ ತಕ್ಕ ಯಂತ್ರವಿಟ್ಟು ಈ ಕೆಲಸ ಮಾಡುವವರು ಹೆಚ್ಚು ಹಣ ಕೇಳುತ್ತಾರೆ, ಕೇಳಲಿ.

ನನ್ನನ್ನು ಕೇಳಿದರೆ ಹುಡುಗರ ದೋಣಿಗೆ ಅದು ಬೇಡವೇ ಬೇಡ. ವ್ಯಾಸವೂ ಪಿಚ್ಚೂ ೩೫ ಮಿಲಿಮೀಟರು ಇರುವ ಹಿತ್ತಾಳೆಯ ಪ್ರೊಪೆಲರು ನಿಮಿಷಕ್ಕೆ ೬,೦೦೦ ಸುತ್ತು ತಿರುಗಿದರೆ ಲೆಕ್ಕಕ್ಕೆ ಗಂಟೆಗೆ ೧೨ ಕಿಲೋಮೀಟರು ದಾಟುತ್ತದೆ. ಮೂರಡಿಯ ಹಡಗಿಗೆ ಅದೇ ಧಾರಾಳ. ಹಿತ್ತಾಳೆಯಲ್ಲಿಯೂ ಸೀಸ ಇರುವುದುಂಟು; ನೀರು ಕಾಗದದಿಂದ ಒದ್ದೆಯಾಗಿಯೇ ಉಜ್ಜಿಸಿ, ಕೈ ತೊಳೆದು ಊಟಕ್ಕೆ ಕೂಡಿ.

ಕೂಲಿಯ ಬಗ್ಗೆ ಒಂದು ಮಾತು. ಸೊಪ್ಪಿನಂತೆ ಇದನ್ನು ಚೌಕಾಸಿ ಮಾಡಬೇಡಿ. ಕೈಯಲ್ಲೇ ತಿದ್ದಿ ತೂಗುವುದಕ್ಕೆ ಗಂಟೆಗಳು ಹಿಡಿಯುತ್ತವೆ. ಮೊದಲು ಒಂದನ್ನು ಮಾಡಿಸಿ, ಬ್ಲೇಡಿನ ಮೇಲೆ ಅವನೆದುರಿಗೇ ಇಟ್ಟು ನೋಡಿ, ಆಮೇಲೆ ಎರಡನೆಯದನ್ನು ಕೊಡಿ. ಜೋಡಿ ಪ್ರೊಪೆಲರಿನ ಹಡಗಾದರೆ ಒಂದು ಬಲಕ್ಕೆ, ಒಂದು ಎಡಕ್ಕೆ ತಿರುಗುವಂಥದು ಬೇಕೆಂಬುದನ್ನು ಮರೆಯದಿರಿ.

ಲೋಹ, ವ್ಯಾಸ, ಪಿಚ್ಚು, ತೂತು, ತಿರುಗುವ ದಿಕ್ಕು, ಮುಟ್ಟಬಾರದ ಮೈ, ಇವೆಲ್ಲವನ್ನೂ ಹಿಂದಿಯಲ್ಲಿ ಬರೆದು, ಚಿತ್ರ ಹಾಕಿದ ಒಂದು ಚೀಟಿಯನ್ನು ತಂದು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ನಕಲು ಮಾಡಿಕೊಂಡು ಮೂಲವನ್ನು ಅಲ್ಲಿಯೇ ಬಿಡಬೇಕಾಗಿ ಕೋರುತ್ತೇನೆ.